ಮಡಿಲ ಮೇಲಿನ ಚೀಲ

ಈಗ ನನ್ನ ಮಡಿಲಲ್ಲಿ ಯಾರದೋ ಚೀಲವಿದೆ. ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗುವ ಬೆಳಗಿನ ಬಸ್ಸು. ನನಗೆ ಹೇಗೋ ಸೀಟು ಸಿಕ್ಕಿದೆ, ಪಕ್ಕದಲ್ಲಿ ನಿಂತ ಹುಡುಗಿಗೆ ಸಿಕ್ಕಿಲ್ಲ. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಕೈ ತಾನಾಗಿ ಚಾಚಿತು, ಅವಳ ಚೀಲ ಬಂದು ಕೂತಿತು. ನಿಂತವರ ಭಾರವನ್ನು ಕೂತವರು ಹೊರಬೇಕು ಎಂಬುದು ನಮ್ಮ ಕಡೆಯ ಬಸ್ಸುಗಳಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಕಾನೂನು. ಚೀಲ ಹೊಸದು, ಹುಡುಗಿಯ ಕಾಲೇಜು ಈಗಷ್ಟೇ ಶುರುವಾಗಿರಬೇಕು. ತಳದಲ್ಲಿ ಏನೋ ಬೆಚ್ಚಗೆ ತೊಡೆಗೆ ತಾಗುತ್ತಿದೆ, ಊಟದ ಡಬ್ಬಿಯೇ ಇರಬೇಕು. ಒಳಗೇನಿದೆಯೋ ಎಂಬ ಕುತೂಹಲ ನನ್ನಂಥ ನಡುವಯಸ್ಸಿನ ಟೀಚರಿಗೆ ಶೋಭಿಸುವುದಿಲ್ಲ, ನಿಜ. ಆದರೆ ಮೂಗಿಗೆ ವಯಸ್ಸೆಲ್ಲಿಯದು?

ಗೆಳೆತನ ಎಲ್ಲಿಂದ ಶುರುವಾಗುತ್ತದೆ ಎಂದು ನೀವು ಯಾವಾಗಲಾದರೂ ಹುಡುಕಿ ನೋಡಿದ್ದೀರಾ? ಮದುವೆಗೆ ಮುಹೂರ್ತವುಂಟು, ಜಗಳಕ್ಕೂ ಒಂದು ಮೊದಲ ಮಾತುಂಟು. ಸ್ನೇಹಕ್ಕೆ ಮಾತ್ರ ಅಂಥ ಗುರುತಿನ ಕಲ್ಲು ಸಿಗುವುದಿಲ್ಲ; ತಿರುಗಿ ನೋಡುವಾಗ ನಾವು ಆಗಲೇ ಅದರೊಳಗೆ ಬಹುದೂರ ಬಂದಿರುತ್ತೇವೆ. ನನ್ನ ಕಾಲೇಜಿನ ಮೊದಲ ವರ್ಷವನ್ನು ನೆನೆದರೆ ಈ ವಿಸ್ಮಯ ಇನ್ನೂ ಹೆಚ್ಚಾಗುತ್ತದೆ. ಏಕೆಂದರೆ ಆ ವರ್ಷ ನನಗೆ ದೊರೆತ ಗೆಳತಿ ನನ್ನ ತರಗತಿಯವಳಲ್ಲ, ನನ್ನ ಕಾಲೇಜಿನವಳೂ ಅಲ್ಲ.

ನಾನು ವೇಣೂರಿನಿಂದ ಮೂಡುಬಿದಿರೆಗೆ ಹೋಗುತ್ತಿದ್ದೆ. ತರಗತಿಯಲ್ಲಿ ಉಳಿದವರೆಲ್ಲ ಪಿಯುಸಿಯಿಂದಲೇ ಗುಂಪು ಕಟ್ಟಿಕೊಂಡು ಬಂದವರು. ಅವರು ಕೆಟ್ಟವರೇನಲ್ಲ, ತುಂಬಿದ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡುತ್ತಿದ್ದರು, ಮಾತಿನಲ್ಲಿ ಜಾಗ ಕೊಡಲು ಅವರಿಗೆ ತೋಚುತ್ತಿರಲಿಲ್ಲ, ಅಷ್ಟೆ. ಮಧ್ಯಾಹ್ನದ ಡಬ್ಬಿಯನ್ನು ಒಬ್ಬಳೇ ತೆರೆದು, ಯಾರಿಗೂ ಕಾಣದ ಹಾಗೆ ಬೇಗ ಬೇಗ ಉಂಡು ಮುಚ್ಚುವ ಆ ಹೊತ್ತು ನನಗೆ ಸಾಕುಬೇಕಾಗುತ್ತಿತ್ತು. "ನನಗೆ ಆ ಕಾಲೇಜು ಬೇಡ" ಎಂದು ಅಮ್ಮನ ಮುಂದೆ ಅತ್ತೆ. ನಮ್ಮಲ್ಲಿ ಇಂಥದ್ದಕ್ಕೆಲ್ಲ ಕೊನೆಯ ಮಾತು ಸೋದರಮಾವನದ್ದು. ಬೆಳ್ತಂಗಡಿಯ ಕಾಲೇಜಿನಲ್ಲಿ ಸೀಟಿಗೆ ಮಾತಾಡುತ್ತೇನೆ, ಭಾನುವಾರ ನಾನು ಬಂದಾಗ ಬೇಕೋ ಬೇಡವೋ ಗಟ್ಟಿ ಹೇಳು ಎಂದು ಮಾವ ತಿಳಿಸಿದ್ದರು. ಗಟ್ಟಿ ಹೇಳಲು ನಾನು ಸಿದ್ಧಳಾಗಿಯೇ ಇದ್ದೆ.

ಬಸ್ಸು ಬೆಳ್ತಂಗಡಿಯಿಂದ ಹೊರಟು ಬರುತ್ತಿದ್ದುದರಿಂದ ವೇಣೂರಿಗೆ ಮುಟ್ಟುವಾಗ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೆ ಎದುರಿನ ಒಂದು ಸೀಟಿನಲ್ಲಿ ಕಿಟಕಿಯ ಪಕ್ಕ ದಿನವೂ ಒಬ್ಬಳು ಹುಡುಗಿ ಕೂತಿರುತ್ತಿದ್ದಳು, ದಿನವೂ ನನ್ನ ಚೀಲಕ್ಕೆ ಕೈ ಚಾಚುತ್ತಿದ್ದಳು. ನನ್ನ ಸ್ಟಾಪಿನಲ್ಲಿ ನಾನಿಳಿದು ಕಿಟಕಿಯ ಕೆಳಗೆ ನಿಂತರೆ ಚೀಲ ಮೇಲಿಂದ ಇಳಿದು ಬರುತ್ತಿತ್ತು. ಅವಳು ಮುಂದಿನ ಸ್ಟಾಪಿನ ಬೇರೊಂದು ಕಾಲೇಜಿಗೆ ಹೋಗುತ್ತಿದ್ದಳು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅವಳಿಗೆ ನನ್ನ ಪುಸ್ತಕಗಳ ಭಾರ ಗೊತ್ತು, ನನಗೆ ಅವಳ ಬಳೆಯ ಬಣ್ಣ ಗೊತ್ತು. ಪರಿಚಯವೆಂದರೆ ಅಷ್ಟೇ.

ಆ ಬುಧವಾರ ಅವಸರದಲ್ಲಿ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕುವುದು ಮರೆತುಹೋಯಿತು. ಡಬ್ಬಿಯಲ್ಲಿ ಇದ್ದದ್ದು ಬಂಗುಡೆ ಮೀನಿನ ಪುಳಿಮುಂಚಿ, ಹುಳಿ ಖಾರದ ಕೆಂಪು ಗಸಿ. ಇಳಿದು ಕಿಟಕಿಯ ಕೆಳಗೆ ಕೈ ಚಾಚಿದರೆ ಚೀಲ ಬರಲಿಲ್ಲ. ಚೀಲ ಹಿಡಿದುಕೊಂಡು ಅವಳೇ ಇಳಿದು ಬಂದಳು. ತಿಳಿಹಳದಿ ಚೂಡಿದಾರದ ಮಡಿಲಿನುದ್ದಕ್ಕೂ ಕೆಂಪು. ಬಸ್ಸು ಅವಳನ್ನು ಬಿಟ್ಟು ಹೊರಟೇಹೋಯಿತು. ಅವಳನ್ನು ನನ್ನ ಕಾಲೇಜಿನ ಗೇಟಿನ ಬಳಿಯ ನಲ್ಲಿಕಟ್ಟೆಗೆ ಕರೆದುಕೊಂಡು ಓಡಿದೆ.

"ನನ್ನ ಮನೆ ಕನ್ಯಾನದಲ್ಲಿ, ಇಲ್ಲಿ ಬೆಳ್ತಂಗಡಿಯ ಚಿಕ್ಕಮ್ಮನ ಮನೆಯಲ್ಲಿರುವುದು" ಎಂದಳು, ನಲ್ಲಿಯ ಹತ್ತಿರ ಬಟ್ಟೆ ತಿಕ್ಕುತ್ತ. "ಹೆಸರು ಪೂರ್ಣಿಮಾ. ನಮ್ಮಲ್ಲಿ ಮೀನು ಮನೆಯ ಗೇಟಿನ ಒಳಗೂ ಬರುವುದಿಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ಅಯ್ಯೋ, ನನಗೆ ಗೊತ್ತೇ ಇರಲಿಲ್ಲ. ನಿಮಗೆ ವಾಸನೆ ಬರ್ತಿರಲಿಲ್ವಾ?"

"ಬರದೆ ಎಂತ? ಬುಧವಾರ ಮೀನು, ಶುಕ್ರವಾರ ಮೊಟ್ಟೆ. ನನ್ನ ಮೂಗಿಗೆ ನಿಮ್ಮ ಅಡುಗೆಮನೆ ಪೂರಾ ಗೊತ್ತುಂಟು."

"ಮತ್ತೆ ಯಾಕೆ ಚೀಲ ತೆಗೆದುಕೊಂಡದ್ದು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀವು ನಿಂತಿದ್ದಿರಲ್ಲ ಮಾರಾಯ್ತಿ!"

"ಚಿಕ್ಕಮ್ಮನಿಗೆ ಎಂತ ಹೇಳ್ತೀರಿ?"

"ಬೀಟ್‌ರೂಟ್ ಅಂತ ಹೇಳ್ತೇನೆ. ಅವರಿಗೆ ಮಳೆಗಾಲ ಇಡೀ ಶೀತ, ಮೂಗು ಕಟ್ಟಿರ್ತದೆ."

ಇಬ್ಬರೂ ನಕ್ಕೆವು, ನಗು ನಿಲ್ಲಿಸಲಾಗದೆ ಕಟ್ಟೆಯ ಮೇಲೆ ಕೂತೆವು. ಇಬ್ಬರ ಮೊದಲ ಪೀರಿಯಡ್ಡೂ ಹೋಯಿತು. ಮಧ್ಯಾಹ್ನ ಅವಳು ನಡೆದು ಬಂದು ನನ್ನ ಕಾಲೇಜಿನ ಗೇಟಿನ ಬಳಿ ನಿಂತಿದ್ದಳು. ನನ್ನ ಡಬ್ಬಿ ಖಾಲಿಯೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿತ್ತು? ಒಂದೇ ಡಬ್ಬಿಯ ಮೊಸರನ್ನ, ಮಿಡಿ ಉಪ್ಪಿನಕಾಯಿ. ಆ ಊಟದ ನಡುವೆ ಎಲ್ಲಿಯೋ "ನೀವು" ಹೋಗಿ "ನೀನು" ಆಯಿತು. ಎಲ್ಲಿ ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗುವುದಿಲ್ಲ.

ಈಗ ಯೋಚಿಸಿದರೆ ಅನ್ನಿಸುತ್ತದೆ, ತರಗತಿಯಲ್ಲಿ ನಾನು ಮುಚ್ಚಿಡುತ್ತಿದ್ದುದನ್ನೆಲ್ಲ ಬಸ್ಸಿನಲ್ಲಿ ಒಬ್ಬಳು ಮೊದಲೇ ತಿಳಿದುಕೊಂಡಿದ್ದಳು. ನಮ್ಮ ಒಳ್ಳೆಯ ಅಂಗಿ, ಒಳ್ಳೆಯ ಮಾತು ತೋರಿಸಿ ಪರಿಚಯ ಗಳಿಸಬಹುದು. ಸ್ನೇಹಕ್ಕೆ ಮಾತ್ರ ಏನಾದರೊಂದು ಚೆಲ್ಲಿಯೇ ಆಗಬೇಕೇನೋ. ಮಡಿಯ ಮನೆಯಿಂದ ಬಂದವಳು ಮಡಿಲನ್ನು ಮಾತ್ರ ಎಲ್ಲರಿಗೂ ತೆರೆದಿಟ್ಟಿದ್ದಳು. ಅದು ಅವಳ ಗುಣವೋ, ನಮ್ಮ ಬಸ್ಸಿನ ಗುಣವೋ, ನನಗೆ ಇಂದಿಗೂ ಬಗೆಹರಿದಿಲ್ಲ. ಫೋನಿನಲ್ಲಿ ಕೇಳಿದರೆ ಅವಳು ಈಗಲೂ, "ಅದೆಂತ ದೊಡ್ಡದು, ಚೀಲ ಅಲ್ವಾ?" ಎನ್ನುತ್ತಾಳೆ.

ಭಾನುವಾರ ಮಾವ ಬಂದರು. "ಸೀಟಿಗೆ ಹೇಳಿಯಾಗಿದೆ, ಎಂತ ಮಾಡುವ?" ಎಂದು ಕೇಳಿದರು. "ಬೇಡ ಮಾವ, ಅಲ್ಲಿಯೇ ಹೋಗ್ತೇನೆ" ಎಂದೆ. ಅಷ್ಟು ಅತ್ತವಳಿಗೆ ಏನಾಯಿತೆಂದು ಅವರಿಗೆ ಅರ್ಥವಾಗಲಿಲ್ಲ. "ಬಸ್ಸು ಒಳ್ಳೆದುಂಟು" ಎಂದುಬಿಟ್ಟೆ. ಮಾವ ಬಹಳ ದಿನ ಊರಿಡೀ ಆ ಬಸ್ಸನ್ನು ಹೊಗಳುತ್ತ ತಿರುಗಿದರು.

ಸಿದ್ಧಕಟ್ಟೆ ಬಂತು, ನನ್ನ ಶಾಲೆ ಇಲ್ಲಿಯೇ, ನಾನಿಳಿಯಬೇಕು. ನಾನೆದ್ದ ಸೀಟಿಗೆ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದು ಕೂತಳು. ಅವಳ ಮಡಿಲು ಆಗಲೇ ಭರ್ತಿ. ಕಿಟಕಿಯ ಬಳಿ ಇನ್ನೊಬ್ಬಳು ಹುಡುಗಿ, ಚೀಲದ ಹುಡುಗಿಯದೇ ಪ್ರಾಯದವಳು, ಕಿವಿಗೆ ವಯರು ಸಿಕ್ಕಿಸಿಕೊಂಡು ಹೊರಗೆ ನೋಡುತ್ತಿದ್ದಳು. "ಇದನ್ನು ಸ್ವಲ್ಪ ಇಟ್ಟುಕೊಳ್ತೀಯಾ ಮಗಾ?" ಎಂದೆ. ಅವಳು ಒಂದು ಕಿವಿಯ ವಯರು ತೆಗೆದು, ನಿಂತವಳ ಮುಖ ನೋಡಿ, ಕೈ ಚಾಚಿದಳು. ಡಬ್ಬಿಯ ಬಿಸಿ ನನ್ನ ತೊಡೆಯಿಂದ ಅವಳ ತೊಡೆಗೆ ಹೋಯಿತು.

"ನೇರ ಹಿಡಿ, ಚೆಲ್ಲೀತು" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳದೆ ಇಳಿದೆ.