ಮಂದಾಕಿನಿಬಾಯಿಯ ಏಳನೆಯ ಪ್ರಶ್ನೆ

ಮಂದಾಕಿನಿಬಾಯಿಗೆ ಪ್ರಶ್ನೆ ಕೇಳುವ ಚಟವಿತ್ತು. ನಾಶಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಹಾಲಿನವನು ಬರುವ ಮೊದಲೇ ಅವರ ಪ್ರಶ್ನೆ ಶುರುವಾಗುತ್ತಿತ್ತು: ಹಾಲಿಗೆ ನೀರು ಹಾಕಿದ್ದು ಹೇಗೆ ಗೊತ್ತಾಗುತ್ತದೆ, ಇಲ್ಲಿಯ ಬದನೆಕಾಯಿಗೆ ಊರಿನ ರುಚಿ ಯಾಕಿಲ್ಲ. ನಾನು ಹುಟ್ಟಾ ಸಿಡುಕಿ, ನನಗೆ ತಲೆಚಿಟ್ಟು ಹಿಡಿಯುತ್ತಿತ್ತು. ಹಾಗಂತ ಅವರನ್ನು ಬಿಟ್ಟು ಒಂದು ದಿನವೂ ಮಧ್ಯಾಹ್ನದ ಚಹಾ ಕುಡಿದವಳಲ್ಲ.

ಅವರು ವಿಜಾಪುರದ ಕಡೆಯವರು. ಗಂಡ ರಘೋತ್ತಮರಾಯರು ಕಾರ್ಖಾನೆಯಲ್ಲಿ ಟೆಕ್ನಿಶಿಯನ್, ಮಾತು ಬಹಳ ಕಡಿಮೆ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಮಂದಾಕಿನಿಬಾಯಿಯ ಹೃದಯದ ಕವಾಟವನ್ನು ಕೆಡಿಸಿತ್ತು. ಎಂಬತ್ತೊಂಬತ್ತರ ಮಾಘದಲ್ಲಿ ಮುಂಬಯಿಯಲ್ಲಿ ಆಪರೇಷನ್ ಮಾಡಿ ಲೋಹದ ಕವಾಟ ಹಾಕಿದರು. ಪಕ್ಕದಲ್ಲಿ ಸುಮ್ಮನೆ ಕೂತರೆ ಅವರ ಎದೆಯೊಳಗಿಂದ ಕೈಗಡಿಯಾರದ ಹಾಗೆ ಟಿಕ್‌ಟಿಕ್ ಸದ್ದು ಕೇಳುತ್ತಿತ್ತು. "ಅಲಕಾ, ಇನ್ನ ನನಗ ಗಡಿಯಾರದ ಕೆಲಸಿಲ್ಲ ನೋಡ್ರಿ" ಎಂದು ನಗುತ್ತಿದ್ದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ.

ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ರಕ್ತ ತೆಳುವಾಗಿಸುವ ಗುಳಿಗೆ ಕೊಟ್ಟಿದ್ದರು. ದಿನಾ ಸಂಜೆ ಒಂದು, ಜೀವ ಇರುವವರೆಗೆ. ಗುಳಿಗೆಯ ಬಲ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ರಕ್ತ ಒಳಗೆಲ್ಲೋ ಸೋರುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ನಾಶಿಕಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಬೇಕಿತ್ತು. ಮಂದಾಕಿನಿಬಾಯಿಯ ಮರಾಠಿ ತರಕಾರಿ ಗಾಡಿ ದಾಟಿ ಮುಂದೆ ಹೋಗುತ್ತಿರಲಿಲ್ಲ. ರಾಯರಿಗೆ ಶಿಫ್ಟು. ನಾನೋ ಸಾಂಗ್ಲಿಯ ಅಜ್ಜಿಯ ಮನೆಯಲ್ಲಿ ಬೆಳೆದವಳು, ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವಳು. ಹೀಗಾಗಿ ಜೊತೆಗೆ ಹೋಗುವ ಕೆಲಸ ನನಗೆ ಬಂತು. ಆ ಬಗ್ಗೆ ನನಗೆ ಜಂಬವೂ ಇತ್ತು.

ಅವರು ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಿದ್ದರು. ನಾನು ಮರಾಠಿಯಲ್ಲಿ ಕೇಳಿ, ಡಾಕ್ಟರ ಉತ್ತರವನ್ನು ಅಲ್ಲೇ ಕೆಳಗೆ ಕನ್ನಡದಲ್ಲಿ ಬರೆದುಕೊಡುತ್ತಿದ್ದೆ. ಒಂದು ದಿನ ಗುಳಿಗೆ ಮರೆತರೆ ಮರುದಿನ ಎರಡು ನುಂಗಬಹುದೇ? ಕೂಡದು. ತಲೆನೋವಿಗೆ ಅಂಗಡಿಯ ಗುಳಿಗೆ? ಕೇಳದೆ ಮುಟ್ಟಬೇಡಿ. ಹಲ್ಲು ಕೀಳಿಸಬೇಕಾದರೆ? ಮೊದಲು ನನಗೆ ಹೇಳಿ. ಒಸಡಿನಲ್ಲಿ ರಕ್ತ ಬಂದರೆ, ಮೈಮೇಲೆ ಕಾರಣವಿಲ್ಲದೆ ಕಪ್ಪು ಕಲೆ ಎದ್ದರೆ? ಅದೇ ದಿನ ಬನ್ನಿ.

ಸೊಪ್ಪಿನ ಪ್ರಶ್ನೆಗೆ ಡಾಕ್ಟರು ಪೆನ್ನು ಕೆಳಗಿಟ್ಟು ಉತ್ತರ ಹೇಳಿದ್ದರು. ಮೆಂತ್ಯ, ಪಾಲಕ, ರಾಜಗಿರಿ ಈ ಗುಳಿಗೆಯ ಬಲವನ್ನು ಕಡಿಮೆ ಮಾಡುತ್ತವೆ. ಹಾಗಂತ ಬಿಡಬೇಡಿ, ದಿನಾ ಒಂದೇ ಅಳತೆಯಲ್ಲಿ ತಿನ್ನಿ, ನಿಮ್ಮ ಊಟಕ್ಕೆ ತಕ್ಕ ಹಾಗೆ ನಾನು ಗುಳಿಗೆ ಕೊಡುತ್ತೇನೆ. ಮಂದಾಕಿನಿಬಾಯಿಗೆ ಸೊಪ್ಪಿಲ್ಲದೆ ಜೋಳದ ಭಕ್ಕರಿ ಇಳಿಯುತ್ತಿರಲಿಲ್ಲ. ರಕ್ತ ಪರೀಕ್ಷೆ ನೋಡಿ ನೋಡಿ, ಜ್ಯೇಷ್ಠದ ಹೊತ್ತಿಗೆ ಡಾಕ್ಟರು ಒಂದು ಗುಳಿಗೆಯನ್ನು ಒಂದೂವರೆ ಮಾಡಿದ್ದರು.

ಒಮ್ಮೆ ಬಹಳ ಸಣ್ಣ ದನಿಯಲ್ಲಿ ಅವರು ಒಂದು ಪ್ರಶ್ನೆ ಕೇಳಿಸಿದರು. ಮಕ್ಕಳಾಗಬಹುದೇ ಎಂದು. ಈ ಗುಳಿಗೆ ಗರ್ಭದ ಕೂಸಿಗೆ ಅಪಾಯ, ನಿಮ್ಮ ಜೀವಕ್ಕೂ ಅಪಾಯ, ಆ ಆಸೆ ಬಿಡಿ ಎಂದರು ಡಾಕ್ಟರು. ನಾನು "ಬ್ಯಾಡ" ಎಂದು ಎರಡೇ ಅಕ್ಷರ ಬರೆದೆ. ವಾಪಸು ಬರುವಾಗ ಎಸ್‌ಟಿ ಬಸ್ಸಿನಲ್ಲಿ ಅವರು ಒಂದೂ ಪ್ರಶ್ನೆ ಕೇಳಲಿಲ್ಲ.

ಆಷಾಢ ಏಕಾದಶಿಗೆ ಎರಡು ದಿನ ಮೊದಲು ಹೋದಾಗ ಪುಟದಲ್ಲಿ ಏಳು ಪ್ರಶ್ನೆಗಳಿದ್ದವು. ಹೊರಗೆ ಮಳೆ, ಒಳಗೆ ಕಾಲಿಡಲಾರದಷ್ಟು ಜನ. ಅದರ ಹಿಂದಿನ ಸಲ, ನಿರ್ಜಲ ಏಕಾದಶಿಯ ದಿನ ಗುಳಿಗೆಯನ್ನು ನೀರಿಲ್ಲದೆ ನುಂಗಬಹುದೇ ಎಂದು ಅವರು ಕೇಳಿಸಿದ್ದರು. ಡಾಕ್ಟರು ಗಟ್ಟಿಯಾಗಿ ನಕ್ಕು, "ಓದಿದವರು, ನೀವೂ ಇದನ್ನೆಲ್ಲ ಕೇಳ್ತೀರಾ?" ಎಂದು ನನ್ನನ್ನೇ ನೋಡಿದ್ದರು. ನರ್ಸೂ ನಕ್ಕಿದ್ದಳು. ಆ ನಗುವನ್ನು ನಾನು ಮರೆತಿರಲಿಲ್ಲ.

ಆರು ಪ್ರಶ್ನೆ ಮುಗಿದವು. ಏಳನೆಯದನ್ನು ಓದಿದೆ: "ಶಾಕವ್ರತದಾಗ ಒಂದು ತಿಂಗಳು ಸೊಪ್ಪು, ಕಾಯಿಪಲ್ಯ ಏನೂ ತಿನ್ನೂದಿಲ್ಲ. ನಡೀತದೇನು?"

ಚಾತುರ್ಮಾಸದ ಮೊದಲ ತಿಂಗಳು ನಮ್ಮ ಮನೆಗಳಲ್ಲಿ ಸೊಪ್ಪು ತರಕಾರಿ ಒಲೆಯ ಹತ್ತಿರ ಬರುವುದಿಲ್ಲ. ಹೆಸರುಬೇಳೆ ತೊವ್ವೆ, ಮೆಣಸು-ಜೀರಿಗೆಯ ಸಾರು, ಮೊಸರು, ಅಷ್ಟೇ. ನಾನೂ ಮಾಡುತ್ತಿದ್ದ ವ್ರತವೇ ಅದು. ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಮತ್ತೆ ನಗಿಸಿಕೊಳ್ಳುವ ಮನಸ್ಸು ನನಗಿರಲಿಲ್ಲ.

"ಅಲಕಾ, ಅದೊಂದು ಕೇಳ್ರಿ" ಎಂದು ಮಂದಾಕಿನಿಬಾಯಿ ನನ್ನ ಸೆರಗು ಹಿಡಿದೆಳೆದರು. "ದಿನಾ ಒಂದೇ ಅಳತಿ ತಿನ್ನು ಅಂದಾರಲ್ಲ? ಪೂರಾ ಬಿಟ್ಟರ ಹೆಂಗ?"

"ಅದ್ರಾಗ ಕೇಳೂದೇನದರಿ? ದೇವರ ಕೆಲಸ ಅದು" ಎಂದೆ. ಪೆನ್ನು ತೆಗೆದು "ನಡೀತದ" ಎಂದು ನಾನೇ ಬರೆದೆ. ಡಾಕ್ಟರಿಗೆ ಧನ್ಯವಾದ ಹೇಳಿ ಎದ್ದೆ.

ಬಿ.ಎಸ್ಸಿ. ಓದದ ಆ ಹೆಂಗಸಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನುವುದೂ ಸುಳ್ಳು. ನಾನು ಆ ಕಡೆ ಯೋಚನೆಯನ್ನೇ ಹರಿಸಲಿಲ್ಲ.

ಒಂದೂವರೆ ಗುಳಿಗೆ ದಿನಾ ತಪ್ಪದೆ ನಡೆಯಿತು. ಸೊಪ್ಪು ನಿಂತಿತು. ಹದಿನೈದು ದಿನಕ್ಕೆ ಅವರ ಮುಂಗೈಯಲ್ಲಿ ನೇರಳೆ ಬಣ್ಣದ ಕಲೆ ಕಂಡೆ. ಬಕೆಟ್ಟಿನ ಹಿಡಿಕೆ ತಾಗಿತು ಎಂದರು. ನಾನು ನಂಬಿದೆ. ಅದೇ ದಿನ ಬನ್ನಿ ಎಂದು ನಾನೇ ಬರೆದಿದ್ದು ಆ ನೋಟ್‌ಬುಕ್ಕಿನಲ್ಲಿತ್ತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನನ್ನ ಬಾಗಿಲು ಬಡಿದು, ಚೌಕಟ್ಟು ಹಿಡಿದು ನಿಂತರು. "ಅಲಕಾ, ತಲಿ ಒಡದು ಹೋಗೂಹಂಗ ಆಗ್ಯದ. ಗುಳಿಗಿ ಏನರೆ ತೊಗೋಬಹುದೇನು?" ಅವರು ಕೇಳಿದ ಕೊನೆಯ ಪ್ರಶ್ನೆ ಅದು. ಅಲ್ಲೇ ವಾಂತಿ ಮಾಡಿಕೊಂಡು ಕುಸಿದರು. ಕಾರ್ಖಾನೆಯ ಗಾಡಿಯಲ್ಲಿ ನಾಶಿಕಕ್ಕೆ ಒಯ್ದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಎದೆಯ ಟಿಕ್‌ಟಿಕ್ ಮಾತ್ರ ಸರಿಯಾಗಿ ನಡೆದಿತ್ತು.

ರಾಯರು ರಕ್ತದ ಬಾಟಲಿಗೆಂದು ಓಡಿದ್ದರು. ಡಾಕ್ಟರು ರಿಪೋರ್ಟು ಹಿಡಿದುಕೊಂಡು ನನ್ನ ಹತ್ತಿರ ಬಂದು, ರಕ್ತ ನೀರಾಗಿದೆ, ಮಿದುಳಿನಲ್ಲಿ ಸೋರಿದೆ ಎಂದರು. "ಊಟದಲ್ಲಿ ಏನಾದರೂ ಬದಲಾಯಿತೇ?" ಎಂದು ಕೇಳಿದರು.

"ಸೊಪ್ಪು ಬಿಟ್ಟಿದ್ದಾರೆ. ಹತ್ತೊಂಬತ್ತು ದಿನವಾಯಿತು" ಎಂದೆ.

"ಬಿಡಬೇಡಿ ಎಂದು ಎಷ್ಟು ಹೇಳಿದ್ದೆ! ಮೊದಲೇ ತಿಳಿಸಿದ್ದರೆ ಗುಳಿಗೆ ಇಳಿಸುತ್ತಿದ್ದೆ, ವಾರಕ್ಕೊಮ್ಮೆ ರಕ್ತ ನೋಡುತ್ತಿದ್ದೆ. ಒಂದು ಮಾತು ಕೇಳಬಾರದಿತ್ತೇ?" ಎಂದರು. ಅವರು ನಗಲಿಲ್ಲ. ಮಂದಾಕಿನಿಬಾಯಿ ಮರುದಿನ ಮಧ್ಯಾಹ್ನ ಹೋದರು.

ಹದಿಮೂರು ದಿನ ಕಳೆದ ಮೇಲೆ ರಾಯರು ನಮ್ಮ ಬಾಗಿಲಿಗೆ ಬಂದರು. ಊರಿನ ಕಡೆ ವರ್ಗ ಕೇಳಿದ್ದೇನೆ ಎಂದರು. ಕೈಯಲ್ಲಿ ಆ ನೋಟ್‌ಬುಕ್ಕು.

"ಇದು ನಿಮ್ಮ ಹತ್ರನ ಇರಲಿ ಅಲಕಾಬಾಯಿ. ಡಾಕ್ಟರು ಹೇಳಿದ್ದರಾಗ ಒಂದೂ ತಪ್ಪಿಸಲಿಲ್ಲ ಅಕಿ. ಅದೇ ನನಗ ಸಮಾಧಾನ." ಪುಟ ತಿರುವಿ ಏಳನೆಯ ಪ್ರಶ್ನೆಯ ಮೇಲೆ ಬೆರಳಿಟ್ಟರು. "ಇದೊಂದಕ್ಕ ನನಗ ಅಂಜಿಕಿ ಇತ್ತು. ಈ ವರ್ಷ ವ್ರತ ಬ್ಯಾಡ ಅಂದಿದ್ದೆ. ನಡೀತದ ಅಂತ ಬರದಾರ ನೋಡ್ರಿ ಅಂತ ಇದನ್ನ ತೋರಿಸಿದಳು. ಡಾಕ್ಟರು ಹಂಗಂದಿದ್ರು, ಹೌದಲ್ರಿ?"

ಹೇಳಬೇಕೆಂದು ಬಾಯಿ ತೆರೆದೆ. ಅವರ ಮುಖ ನೋಡಿದೆ.

"ಹೌದ್ರಿ" ಎಂದೆ.

ಅವರು ನನಗೆ ಕೈಮುಗಿದು ಹೋದರು.