ದೈವಾನೈ ಮಿಸ್ ಬಿಚ್ಚಿ ನೋಡಿದ ಪೊಟ್ಟಣ

ನಮ್ಮ ಗೋಬಿ ಎಂಬ ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಭವನೀಯತೆಯ ಪಾಠ ಎಂದರೆ ದೈವಾನೈ ಮಿಸ್. ಸ್ಟಾಫ್ ರೂಮಿನಲ್ಲಿ ಅವಳ ಪಕ್ಕದ ಮೇಜು ನನ್ನದು. ನಾನು ಕಲಿಸುವುದು ಭೌತಶಾಸ್ತ್ರ; ನಮ್ಮಲ್ಲಿ ಕಲ್ಲು ಕೈಬಿಟ್ಟರೆ ಕೆಳಗೇ ಬೀಳುತ್ತದೆ. ನಿಮ್ಮದು ಬರೀ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಶಾಸ್ತ್ರ ಎಂದು ಎಷ್ಟು ಕೆಣಕಿದರೂ ಅವಳು ನಕ್ಕು, ತನ್ನ ಡಬ್ಬಿಯ ಅನ್ನ ಅರ್ಧ ನನ್ನ ತಟ್ಟೆಗೆ ಹಾಕುತ್ತಿದ್ದಳು.

ನಾಣ್ಯ, ದಾಳ ಎಂದರೆ ಹುಡುಗರು ತೂಕಡಿಸುತ್ತಾರೆಂದು ಅವಳು ತರಗತಿಗೆ ಒಂದು ಬುಟ್ಟಿ ಬೋಲ್ಟು ಒಯ್ಯುತ್ತಿದ್ದಳು. ಒಳ್ಳೆಯವುಗಳ ನಡುವೆ ತಿರುಪು ಸವೆದವು ಕೆಲವು. ಕಣ್ಣು ಮುಚ್ಚಿ ಮೂರು ತೆಗೆಯಬೇಕು. ಅದರಲ್ಲಿ ಕೆಟ್ಟವು ಎಷ್ಟು? ಸೊನ್ನೆ, ಒಂದು, ಎರಡು, ಇಲ್ಲವೇ ಮೂರು. ಆ ಎಣಿಕೆಯೇ ರ‍್ಯಾಂಡಮ್ ವೇರಿಯಬಲ್. ಯಾವುದು ಬರುತ್ತದೆಂದು ಹೇಳಲಾಗದು, ಯಾವುದಕ್ಕೆ ಎಷ್ಟು ಅವಕಾಶ ಎಂದು ಹೇಳಬಹುದು; ಅವಕಾಶಗಳನ್ನೆಲ್ಲ ಕೂಡಿದರೆ ಮೊತ್ತ ಒಂದು ಬರಲೇಬೇಕು. ಕೂಡಿ ನೋಡದೆ ಪುಟ ತಿರುಗಿಸಬೇಡಿ ಎನ್ನುವುದು ಅವಳ ಮಂತ್ರ.

ಒಂದು ದಿನ ಇಳವರಸು ಎಂಬ ತರಲೆ ಎದ್ದು ನಿಂತ. "ಬುಟ್ಟೀಲಿರೋದೆಲ್ಲ ಒಳ್ಳೇ ಬೋಲ್ಟೇ ಆದ್ರೆ ಯಾವಾಗ್ಲೂ ಸೊನ್ನೇನೇ ಬರತ್ತೆ. ಅದನ್ನೂ ರ‍್ಯಾಂಡಮ್ ಅಂತೀರಲ್ಲ ಮಿಸ್, ಯಾರಿಗೆ ರ‍್ಯಾಂಡಮ್ಮು? ಬುಟ್ಟಿ ತುಂಬಿದೋರಿಗೆ ಗೊತ್ತೇ ಇರತ್ತಲ್ಲ?"

ಪುಸ್ತಕದಲ್ಲಿ ಹಾಗಿದೆ, ಬರೆದುಕೋ ಎಂದು ಕೂರಿಸಿದಳಂತೆ. ಆ ಉತ್ತರ ತನಗೇ ಸರಿ ಕಾಣಲಿಲ್ಲ ಎಂದು ಆಮೇಲೆ ನನ್ನ ಬಳಿ ಗೊಣಗಿದಳು.

ಬೋಲ್ಟು ಆರಿಸಿ ಕೊಡುತ್ತಿದ್ದವನು ವರ್ಕ್‌ಶಾಪಿನ ರಾಸಪ್ಪನ್. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮೊದಲು ಬರೀ ಬೋಲ್ಟು, ಆಮೇಲೆ ಬೋಲ್ಟಿನ ಜೊತೆ ಚಕ್ಕುಲಿ, ಕಡೆಗೆ ಮದುವೆಯ ಮಾತು. ನಲವತ್ತು ದಾಟಿದ ದೈವಾನೈ ಅಂದು ಹೊಸ ಹುಡುಗಿಯ ಹಾಗೆ ನಾಚಿದ್ದನ್ನು ನಾನೇ ಕಂಡೆ. ಅವಳಿಗೆ ಅವನು ಬೇಕಾಗಿತ್ತು.

ಆದರೆ ಅವಳ ತಾಯಿ ಪಾವಾಯಿ ಹೂ ಕೇಳದೆ ಹೆಜ್ಜೆ ಎತ್ತಿಡುವವಳಲ್ಲ. ಬಿಳಿ ಕಣಗಿಲೆ ಒಂದು ಎಲೆಯಲ್ಲಿ, ಕೆಂಪು ಇನ್ನೊಂದರಲ್ಲಿ. ಎರಡನ್ನೂ ತಾನೇ ಒಂದೇ ಥರ ಕಟ್ಟಿ ಮಾರಿಯಮ್ಮನ ಪಾದದಲ್ಲಿ ಇಡುವಳು. ಗುಡಿಗೆ ಬಂದ ಯಾವುದಾದರೂ ಮಗು ಒಂದನ್ನು ಎತ್ತುತ್ತದೆ. ಬಿಳಿ ಬಂದರೆ ಆಗಲಿ, ಕೆಂಪು ಬಂದರೆ ಬೇಡ. ದೈವಾನೈ ಓದು ಮುಗಿಸಿದ ಹೊಸತರಲ್ಲಿ ಒಳ್ಳೆಯ ಸಂಬಂಧವೊಂದು ಬಂದಿತ್ತು, ಹುಡುಗ ಇವಳ ಮನಸ್ಸಿಗೂ ಬಂದಿದ್ದ. ಹೂ ಕೆಂಪು ಬಂತು, ಪಾವಾಯಿ ಅಲ್ಲಿಗೇ ಕೈಬಿಟ್ಟಳು. ಆಮೇಲೆ ಬಂದ ವರಗಳನ್ನೆಲ್ಲ ಮಗಳೇ ಬೇಡವೆಂದಳು. ತಾಯಿ ಮಗಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಮತ್ತೆ ಹೂ ಕೇಳುತ್ತಾರೆಂದಾಗ ನನಗೆ ಮೈ ಉರಿಯಿತು. "ಅರ್ಧಕ್ಕರ್ಧ ಕಣೇ ಅದು. ಪಾಠ ಮಾಡೋಳೇ ಹೋಗಿ ತಲೆ ಕೊಡ್ತೀಯಾ?" ಎಂದೆ.

"ಅಮ್ಮನ್ನ ನೋಯಿಸಿ ತಾಳಿ ಕಟ್ಟಿಸ್ಕೊಳ್ಳೋದು ನನ್ನಿಂದಾಗಲ್ಲ," ಎಂದಳು. "ಕೆಂಪು ಬಂದ್ರೂ ಅವ್ರ ಹತ್ರ ಬೋಲ್ಟು ಇಸ್ಕೊಳ್ಳೋದಂತೂ ಇದ್ದೇ ಇದೆ." ನಗುತ್ತಲೇ ಅಂದಳು, ಆದರೆ ಅವತ್ತು ಡಬ್ಬಿ ಬಿಚ್ಚಲಿಲ್ಲ.

ಶುಕ್ರವಾರ ಗುಡಿಯಲ್ಲಿ ಪಾವಾಯಿ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮುದುಕಿಯ ಕೈ ಗಡಗಡ ನಡುಗುತ್ತಿತ್ತಂತೆ. ಪುಟ್ಟ ಹುಡುಗಿಯೊಬ್ಬಳು ಎತ್ತಿಕೊಟ್ಟ ಪೊಟ್ಟಣವನ್ನು ಪೂಜಾರಿ ಬಿಚ್ಚಿದ. ಬಿಳಿ. ಪಾವಾಯಿ ಅಲ್ಲೇ ಕುಸಿದು ಕೂತಳು. ಮರುಗಳಿಗೆಗೆ ಎದ್ದು, ಉಳಿದ ಪೊಟ್ಟಣವನ್ನು ಬೇವಿನ ಬುಡಕ್ಕೆ ಎಸೆದು, ಬಸ್ಸು ತಪ್ಪುತ್ತದೆ ಬಾ ಎಂದು ಹೊರಟೇಬಿಟ್ಟಳು. ಅಷ್ಟು ಅವಸರ ಆಕೆಯ ಜಾಯಮಾನವಲ್ಲ. ಮಗಳಿಗೋ ಕೂಡಿ ನೋಡದೆ ಪುಟ ತಿರುಗಿಸಿ ಗೊತ್ತಿಲ್ಲ. ಚಪ್ಪಲಿ ಬಿಟ್ಟುಬಂದೆ ಎಂದು ನೆಪ ಹೇಳಿ ಹಿಂದೆ ಹೋಗಿ, ಆ ಪೊಟ್ಟಣವನ್ನು ಬಿಚ್ಚಿದಳು.

ಅದರಲ್ಲೂ ಬಿಳಿ ಹೂವೇ ಇತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಅವರಿಬ್ಬರನ್ನೂ ಕೇಳದೆ ಪಾವಾಯಿಯೇ ಕೊಟ್ಟಿದ್ದಳು. ದೇವರಿಗೆ ಹೆದರಿ ಬಾಳಿದ ಹೆಂಗಸು ದೇವರ ಕಾಲ ಬುಡದಲ್ಲೇ ಇಂಥ ಕಳ್ಳತನ ಮಾಡಬೇಕಾದರೆ ಒಳಗೊಳಗೇ ಎಷ್ಟು ಬೆಂದಿರಬೇಕು.

ಬಸ್ಸಿನಲ್ಲಿ ದೈವಾನೈ ತಾಯಿಯ ಹೆಗಲಿಗೆ ಒರಗಿ ಕೂತಳಂತೆ.

"ಚಪ್ಪಲಿ ಸಿಕ್ತಾ?" ಎಂದಳು ಪಾವಾಯಿ.

"ಸಿಕ್ತಮ್ಮ."

ಮದುವೆಯ ರಜೆ ಮುಗಿಸಿ ಬಂದ ದಿನ ಅವಳು ತರಗತಿಯಲ್ಲಿ ಇಳವರಸುವನ್ನು ಎಬ್ಬಿಸಿ ನಿಲ್ಲಿಸಿದಳು. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ನಾನು ಸೀಮೆಸುಣ್ಣ ಹಿಡಿದು ಹಾಗೇ ನಿಂತೆ.

"ಯಾರಿಗೆ ರ‍್ಯಾಂಡಮ್ಮು ಅಂತ ಕೇಳಿದ್ಯಲ್ಲ," ಎಂದಳು. "ಬುಟ್ಟಿ ತುಂಬಿದೋರಿಗೇ ಕಣೋ. ಕೆಟ್ಟದ್ದು ಒಂದೂ ಇಲ್ಲ ಅಂತ ಗೊತ್ತಿದ್ರೂ, ಕೈಯಿಂದ ಹೊರಗೆ ಬರೋವರೆಗೆ ನಡುಗ್ತಾರೆ."

"ಹಾಗೆ ಯಾರು ನಡುಗ್ತಾರೆ ಮಿಸ್?"

"ನಮ್ಮಮ್ಮ," ಎಂದು ಬುಟ್ಟಿಯನ್ನು ಅವನ ಮುಂದೆ ಹಿಡಿದಳು.