ಸೌತ್ ಸಿಯಲ್ಲಿ ಹೂತುಹೋದ ಫರೋಹ

ಪಾಸ್ಕಲ್ ಮಾಸ್ತರರು ಫರೋಹನ ಮಂಡಿಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆನೋ, ಊಟದ ಮೇಜುಗಳಲ್ಲಿ ಕೇಳಿ ಕೇಳಿ ಕಂಡಂತಾಯಿತೋ, ಈಗ ಆಣೆಯಿಟ್ಟು ಹೇಳಲಾರೆ. ಹಗ್ಗ ಎಳೆದವರಲ್ಲಿ ನಾನೂ ಒಬ್ಬ ಎಂಬುದು ನನ್ನ ನೆನಪು. ನಾನು ಗೋಡೆಗೊರಗಿ ಕಾಫಿ ಕುಡಿಯುತ್ತ ಸಲಹೆ ಕೊಡುತ್ತಿದ್ದೆ ಎಂಬುದು ನನ್ನ ಹೆಂಡತಿಯ ನೆನಪು. ವಿಶ್ವವಿದ್ಯಾಲಯದಲ್ಲಿ ತರ್ಕ ಓದಿದವನಾದ್ದರಿಂದ ಎರಡನ್ನೂ ಪೂರ್ತಿ ನಂಬುವುದಿಲ್ಲ.

ಮಾಸ್ತರರು ಮಂಗಳೂರು ಕಡೆಯವರು. ಎಂಬತ್ತರ ದಶಕದ ನೈರೋಬಿಯಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಆಳು ಕುಳ್ಳು, ಪ್ರೀತಿಯೆಲ್ಲ ಪ್ರಾಚೀನ ಕಾಲದ ಬೃಹತ್ ವಿಗ್ರಹಗಳ ಮೇಲೆ. ಎಲ್ಲಿ ಕೂತರೂ ಬೆನ್ನು ನೆಟ್ಟಗೆ ಮಾಡಿ, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟು, ದಿಗಂತ ನೋಡುತ್ತ ಕೂರುತ್ತಿದ್ದರು. ಮಟಾಟು ಎಂಬ ಅಲ್ಲಿನ ಬಾಡಿಗೆ ವ್ಯಾನಿನಲ್ಲೂ ಹಾಗೆಯೇ. ಕೇಳಿದರೆ, "ಹೀಗೆ ಕೂತ್ರೆ ಸೊಂಟನೋವು ಬರೂದಿಲ್ಲ ಮಾರಾಯ್ರೆ. ಆ ಕಲ್ಲಿನ ರಾಜ್ರು ಮೂರು ಸಾವಿರ ವರ್ಷದಿಂದ ಕೂತಿದ್ದಾರೆ. ಒಬ್ಬನಾದ್ರೂ ಡಾಕ್ಟ್ರ ಹತ್ರ ಹೋದದ್ದುಂಟಾ?" ಎನ್ನುತ್ತಿದ್ದರು. ಪೇಟೆಯ ಎತ್ತರದ ಕಟ್ಟಡಗಳ ಬಗ್ಗೆ ಅವರದು ಒಂದೇ ತಕರಾರು: "ಕಿಟಕಿ ಜಾಸ್ತಿ."

ಒಂದು ವರ್ಷ ಹೆಡ್‌ಮಾಸ್ತರು ಪ್ರಾಚೀನ ಇತಿಹಾಸದ ಪೀರಿಯಡ್ಡನ್ನು ಟೈಪಿಂಗಿಗೆ ಕೊಡಲು ಹೊರಟರು. ಸತ್ತ ರಾಜರಿಂದ ಯಾರಿಗೂ ಕೆಲಸ ಸಿಗುವುದಿಲ್ಲವೆಂಬುದು ಅವರ ವಾದ. ಮಾಸ್ತರರು ಕಾಡಿ ಬೇಡಿ ಒಂದು ಅವಕಾಶ ಪಡೆದರು. ಶಾಲೆಯ ವಸ್ತುಪ್ರದರ್ಶನದಲ್ಲಿ ಜನ ಬಾಯಿಬಿಟ್ಟು ನೋಡುವಂಥದ್ದನ್ನು ತಂದು ನಿಲ್ಲಿಸಿದರೆ ಪಾಠ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ನೈರೋಬಿಯ ಸೌತ್ ಸಿ ಬಡಾವಣೆಯ ತಮ್ಮ ಮನೆಯ ಅಂಗಳದಲ್ಲಿ ಅವರು ಫರೋಹನನ್ನು, ಹಳೇ ಈಜಿಪ್ಟಿನ ರಾಜನನ್ನು, ಕಟ್ಟಿದರು. ಇಟ್ಟಿಗೆ ಚೂರು, ಕೋಳಿಗೂಡಿನ ಬಲೆ, ಮೇಲೆ ಸಿಮೆಂಟು. ಕೂತ ಭಂಗಿಯಲ್ಲೇ ಬಾಗಿಲಿಗಿಂತ ಎತ್ತರ. ಮುಖ ಮುಗಿದ ದಿನ ಅವರ ಹೆಂಡತಿ ಲೀನಾ ಬಾಯಿ ಹೊರಗೆ ಬಂದು ದಿಟ್ಟಿಸಿ ನೋಡಿ, "ರೀ, ಇದು ನನ್ನ ಅಪ್ಪನ ಮೂಗು!" ಎಂದರು.

"ನಿನ್ನ ಅಪ್ಪನಿಗೆ ರಾಜಕಳೆ ಇತ್ತು," ಎಂದರು ಮಾಸ್ತರರು.

"ಬದುಕಿದ್ದಾಗ ಹೇಳ್ಬೇಕಿತ್ತು."

ಕಟ್ಟಿದ ಮೇಲೆ ಗೊತ್ತಾಯಿತು, ಶಾಲೆಗೆ ಒಯ್ಯುವ ಲಾರಿ ಗೇಟಿನೊಳಗೆ ಬರುವುದಿಲ್ಲ, ರಸ್ತೆಯವರೆಗೆ ಎಳೆದೇ ತರಬೇಕು. ಮಾಸ್ತರರು ಹೆದರಲಿಲ್ಲ. ಈಜಿಪ್ಟಿನ ಒಂದು ಸಮಾಧಿಯ ಗೋಡೆಯ ಮೇಲೆ ಚಿತ್ರವಿದೆಯಂತೆ. ಸಾಲು ಸಾಲು ಜನ ಹಗ್ಗ ಹಿಡಿದು ದೊಡ್ಡ ವಿಗ್ರಹವನ್ನು ಎಳೆಯುತ್ತಾರೆ, ಒಬ್ಬ ಮುಂದಿನ ನೆಲಕ್ಕೆ ನೀರು ಹೊಯ್ಯುತ್ತಾನೆ, ಇನ್ನೊಬ್ಬ ವಿಗ್ರಹದ ಮಂಡಿಯ ಮೇಲೆ ನಿಂತು ತಾಳ ಹಾಕುತ್ತಾನೆ. "ಎಳೆಯೂದು ಯಾರಿಗೂ ಬರ್ತದೆ. ತಾಳ ಹಾಕ್ಲಿಕ್ಕೆ ಓದಿರ್ಬೇಕು," ಎಂದು ಅವರು ಮಂಡಿ ಏರಿದರು. ನೀರಿನ ಪೈಪು ಕಾವಲುಗಾರ ಮುಟುವಾನ ಕೈಗೆ. ಹಳೇ ಮಂಚದ ಹಲಗೆಗಳ ಮೇಲೆ ಫರೋಹ. ಹಗ್ಗಕ್ಕೆ ನಾವು ಅಕ್ಕಪಕ್ಕದವರೆಲ್ಲ.

"ಹರಾಂಬೇ!" ಎಂದು, ನಮ್ಮ ಕಡೆಯ ಐಸಾ ಎಂಬಂತೆ, ಮಾಸ್ತರರು ಚಪ್ಪಾಳೆ ತಟ್ಟಿದರು.

"ಹೇ!" ಎಂದು ನಾವು ಎಳೆದೆವು.

ಆಶ್ಚರ್ಯವೆಂದರೆ, ಅದು ಜರುಗಿತು. ಗಟ್ಟಿ ಮುರಂ ನೆಲದ ಅಂಗಳ, ಮೇಲೆ ತೆಳ್ಳಗೆ ನೀರು. ಗೇಟಿನವರೆಗೆ ಮದುವಣಿಗನ ಹಾಗೆ ಬಂತು. ಗೇಟಿನ ಹೊರಗೆ ಸೌತ್ ಸಿಯ ಅಸಲಿ ನೆಲ, ಎರೆಮಣ್ಣು. ಅಲ್ಲಿ ಹಲಗೆ ಸ್ವಲ್ಪ ತಡೆಯಿತು. ಮಾಸ್ತರರು ಮೇಲಿಂದ ನೀರು ಕೇಳಿದರು. ನೀರಿಗೆ ಸ್ವಾಹಿಲಿಯಲ್ಲಿ ಮಾಜಿ.

"ಮಾಜಿ! ಮಾಜಿ!"

"ಸಾವಾ, ಮ್ವಾಲಿಮು!" ಎಂದು ಮುಟುವಾ ಮಾಸ್ತರರಿಗೆ ಒಪ್ಪಿಗೆ ಕೂಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದ.

"ಮಾಜಿ ಮಾಜಿ ಅಂತ ಬೊಬ್ಬೆ ಹಾಕ್ಬೇಡಿ," ಎಂದು ಲೀನಾ ಬಾಯಿ ಗೇಟಿನಿಂದ ಕೂಗಿದರು. "ಸೋಮವಾರ ಸ್ಕೂಲಲ್ಲಿ ನೀವೇ ಮಾಜಿ ಆಗ್ತೀರಿ!"

ನಗು ತಡೆಯಲಾರದೆ ನಾವು ಹಗ್ಗ ಸಡಿಲ ಬಿಟ್ಟೆವು. ಅಷ್ಟರಲ್ಲಿ ಎರೆಮಣ್ಣು ದೋಸೆಹಿಟ್ಟಾಗಿತ್ತು. ಫರೋಹ ಮೆಲ್ಲಗೆ, ಯಾವ ಗಡಿಬಿಡಿಯೂ ಇಲ್ಲದೆ, ಕಣಕಾಲಿನವರೆಗೆ ಇಳಿದು ಎಡಕ್ಕೆ ವಾಲಿ ಕೂತುಬಿಟ್ಟ. ಬಿಸಿಲಿಗೆ ಆ ಮಣ್ಣು ಕಲ್ಲಾಯಿತು. ಲಾರಿ ಬರಿದೇ ಹೋಯಿತು.

"ನಾನು 'ಮಾಜಿ ಕಿಡೊಗೊ' ಅಂದದ್ದು, ಸ್ವಲ್ಪ ನೀರು ಅಂತ," ಎಂದು ಮಾಸ್ತರರು ಆಮೇಲೆ ಕಂಡವರಿಗೆಲ್ಲ ಹೇಳುತ್ತಿದ್ದರು. "ಇತಿಹಾಸ ಹಾಳಾಗೂದು ಹೀಗೆಯೇ ಮಾರಾಯ್ರೆ, ಒಂದು ಶಬ್ದ ಬಿಟ್ಟುಹೋದ್ರೆ ಸಾಕು." ಅವರು ಕಿಡೊಗೊ ಅಂದಿದ್ದರೇ? ನನಗೆ ಕೇಳಿಸಲಿಲ್ಲ. ಮುಟುವಾನಿಗೂ ಇಲ್ಲ. ಪಾಠ ಟೈಪಿಂಗಿನ ಪಾಲಾಯಿತು. ಮಾಸ್ತರರಿಗೆ ಭೂಗೋಳ ಕೊಟ್ಟರು, ಮೊದಲ ಅಧ್ಯಾಯವೇ ಮಣ್ಣಿನ ಬಗೆಗಳು. ಅವರು ಅದನ್ನು ಅನುಭವದಿಂದ ಕಲಿಸಿದರು. ಆದರೆ ಆಮೇಲೆ ಮಟಾಟುವಿನಲ್ಲಿ ಎಲ್ಲರಂತೆ ಬೆನ್ನು ಬಾಗಿಸಿ ಕೂರತೊಡಗಿದರು. ಅದನ್ನು ಮಾತ್ರ ಯಾರೂ ತಮಾಷೆ ಮಾಡಲಿಲ್ಲ.

ತೊಂಬತ್ತರ ದಶಕದಲ್ಲಿ ರಸ್ತೆ ಅಗಲ ಮಾಡಲು ಬಂದವರು ಫರೋಹನನ್ನು ಒಡೆದು ಸಾಗಿಸಿದರು. ಮಾಸ್ತರರು ಪಕ್ಕದಲ್ಲಿ ನಿಂತು ನೋಡಿ, "ಮೂರು ಸಾವಿರ ವರ್ಷ ಇರ್ಬೇಕಿತ್ತು. ಸಿಮೆಂಟು ಕಲಬೆರಕೆ," ಎಂದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಊರಿಗೆ ಮರಳಿದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು.

ಬಹಳ ಕಾಲದ ಮೇಲೆ ಕೆಲಸವೊಂದಕ್ಕಾಗಿ ನೈರೋಬಿಗೆ ಹೋದಾಗ ಸೌತ್ ಸಿಯ ಮಟಾಟು ಹತ್ತಿದೆ. ಆ ತಿರುವು ಬಂದಾಗ ಕಂಡಕ್ಟರ್ ತಗಡಿಗೆ ಬಡಿದು, "ಫರಾವೋ! ಫರಾವೋದಲ್ಲಿ ಯಾರು ಇಳೀತೀರಿ?" ಎಂದು ಸ್ವಾಹಿಲಿಯಲ್ಲಿ ಕೂಗಿದ. ಹಾಗೆಂದರೇನೆಂದು ಕೇಳಿದೆ. "ಸ್ಟಾಪಿನ ಹೆಸರು ಅಜ್ಜಾ, ಇನ್ನೇನು?" ಎಂದ. ಇಳಿದು ನೋಡಿದೆ: ಡಾಂಬರು, ಒಂದು ಬೇಕರಿ. ನನ್ನ ಕಿವಿಯ ಮೇಲೆ ನನಗೆ ನಂಬಿಕೆ ಸಾಲದು. ಪೇಟೆಗೆ ಹಿಂತಿರುಗಿ ಬೇರೊಂದು ಮಟಾಟು ಹತ್ತಿ ಮತ್ತೆ ಅದೇ ದಾರಿಯಲ್ಲಿ ಬಂದೆ. ಆ ಕಂಡಕ್ಟರನೂ ಅದನ್ನೇ ಕೂಗಿದ.